ಬಾಯಿ ಬೇಡಿದ್ದು, ಮೈಗೆ ಬೇಕಾದದ್ದು

ಜನರಿಗೆ ಏನು ತಿನ್ನಬೇಕು ಅನ್ನಿಸುತ್ತದೆ ಎಂದು ವಿಚಾರಿಸುವ ಕೆಲಸಕ್ಕೆ ಒಮ್ಮೆ ಕೈ ಹಾಕಿದರೆ ಸಾಕು, ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ; ನಗು ದಿನಾ ಬಾಗಿಲು ಹುಡುಕಿಕೊಂಡು ಬರುತ್ತದೆ. ನನಗಂತೂ ಹಾಗೇ ಬಂತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿಕಾರಿಪುರದ ಪೇಟೆಯಲ್ಲಿ ನನ್ನದೊಂದು ಪುಟ್ಟ ದವಾಖಾನೆ ಇತ್ತು. ವಾರಕ್ಕೊಮ್ಮೆ, ಸಂತೆಯ ದಿನ, ಬೆಳಗಿನ ಬಸ್ಸು ಹಿಡಿದು ಸೊರಬಕ್ಕೆ ಹೋಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದೆ. ಹೆಂಗಸು ಡಾಕ್ಟರು ಅಂದರೆ ಹೇಗಿರುತ್ತಾರೆ ಎಂದು ನೋಡಿಹೋಗಲಿಕ್ಕೇ ಒಂದಷ್ಟು ಜನ ಬರುತ್ತಿದ್ದರು. ಕಾಯಿಲೆ ಇದ್ದವರು ಅವರ ಹಿಂದೆ ಕಾಯುತ್ತಿದ್ದರು.

ನಮಗೆ ಪಾಠ ಹೇಳಿದ ಮೇಷ್ಟರೊಬ್ಬರು ಮೈಗೆ ಯಾವುದು ಕಡಿಮೆಯೋ ಅದನ್ನು ಬಾಯಿ ಬೇಡುತ್ತದೆ ಎನ್ನುತ್ತಿದ್ದರು. ನಾನು ಅದನ್ನು ಅರ್ಧ ನಂಬಿದ್ದೆ, ಇನ್ನರ್ಧವನ್ನು ಮುಂದೆ ನೋಡೋಣವೆಂದು ಬಿಟ್ಟಿದ್ದೆ. ಆದರೆ ಒಂದು ವಿಷಯದಲ್ಲಿ ಸಂಶಯವಿರಲಿಲ್ಲ. ರಕ್ತ ಕಡಿಮೆಯಾದ ಬಸುರಿಯರು ಮಣ್ಣು, ಬಳಪ, ಇದ್ದಿಲು, ಗೋಡೆಯ ಸುಣ್ಣ ಇಂಥದ್ದನ್ನೆಲ್ಲ ಕದ್ದು ತಿನ್ನುತ್ತಾರೆ, ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹೆರಿಗೆ ನೋವು ಬಂದಿರುತ್ತದೆ, ಆಮೇಲೆ ಡಾಕ್ಟರು ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಹಾಗೆ ಹೋದ ಒಬ್ಬಳನ್ನು ನಾನು ಕಣ್ಣಾರೆ ನೋಡಿದ್ದೆ. ಇನ್ನೊಬ್ಬಳು ಹಾಗೆ ಹೋಗಬಾರದು ಎಂದು, ಬಂದವರಿಗೆಲ್ಲ ಗಂಡಸು, ಹೆಂಗಸು, ಮುದುಕ ಎನ್ನದೆ ಒಂದೇ ಪ್ರಶ್ನೆ ಹಾಕುವ ಅಭ್ಯಾಸ ಮಾಡಿಕೊಂಡೆ: "ಏನು ತಿನ್ನಬೇಕು ಅನ್ನಿಸುತ್ತೆ?" ಎಲ್ಲರನ್ನೂ ಕೇಳಿದರೆ ಬಸುರಿಯರಿಗೆ ಹೇಳಲು ಸಂಕೋಚವಾಗುವುದಿಲ್ಲ ಎಂಬುದು ನನ್ನ ಲೆಕ್ಕ.

ಡಾಕ್ಟರಾದವರು ಏನು ತಿನ್ನಬಾರದು ಎಂದು ಹೇಳಬೇಕು. ಇದು ಆ ಸೀಮೆಯ ಪದ್ಧತಿ. ನಾನು ಅದನ್ನು ತಿರುವುಮುರುವು ಮಾಡಿದ್ದೆ, ಅಷ್ಟೆ. ಅದರಿಂದ ಆದದ್ದು ಇಷ್ಟು.

ಕೊನೆಯ ಆಸೆ

ಅಂಜನಾಪುರದ ಕಡೆಯ ಒಬ್ಬ ಯಜಮಾನರು, ನೀರಾವರಿ ಗದ್ದೆ ಇದ್ದವರು, ಜ್ವರ ಬಂದು ಬಾಯಿ ಕೆಟ್ಟಿದೆ ಎಂದು ಬಂದರು. ನಾಡಿ ನೋಡಿದೆ, ನಾಲಿಗೆ ನೋಡಿದೆ. ಗಾಬರಿಪಡುವಂಥದ್ದೇನೂ ಇರಲಿಲ್ಲ. ಎಂದಿನಂತೆ ಕೇಳಿದೆ: "ಏನು ತಿನ್ನಬೇಕು ಅನ್ನಿಸುತ್ತೆ, ಯಜಮಾನ್ರೆ?"

ಅವರ ಮುಖ ಇಳಿಯಿತು. ಆಮೇಲೆ ಎದ್ದು, ಕೈ ಮುಗಿದು, ಔಷಧಿಯನ್ನೂ ತೆಗೆದುಕೊಳ್ಳದೆ ಹೊರಟುಹೋದರು. ಬಿಸಿಲಿಗೆ ತಲೆ ಸುತ್ತಿರಬೇಕು ಅಂದುಕೊಂಡೆ.

ಎರಡು ದಿನ ಬಿಟ್ಟು ದವಾಖಾನೆಯ ಮುಂದೆ ಒಂದು ಗಾಡಿ ನಿಂತಿತು. ತುಂಬ ಹೆಂಗಸರು, ಎಲ್ಲರ ಕಣ್ಣೂ ಕೆಂಪಗಿತ್ತು. ಹಿರಿಯ ಮಗ ಇಳಿದು ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಡಾಕ್ಟ್ರಮ್ಮಾರೆ, ಅಪ್ಪಂದು ಇನ್ನ ಎಷ್ಟು ದಿನ ಐತಿ? ಮುಚ್ಚಿಡಬ್ಯಾಡ್ರಿ."

"ಅವರಿಗೇನಾಗಿದೆ? ಬರೀ ಜ್ವರ ಅದು!"

"ಮತ್ತ ನೀವು ಏನು ತಿನ್ನಾಕ ಆಸಿ ಐತಿ ಅಂತ ಕೇಳಿದ್ರಂತಲ್ರೀ?"

ಆಗ ನನಗೆ ಬೆಳಕಾಯಿತು. ಇನ್ನು ಉಳಿಯುವುದಿಲ್ಲ ಎಂದು ಕೈಬಿಟ್ಟ ಮೇಲೆ ಆ ಕಡೆ ಮಂಚದ ಪಕ್ಕ ಕುಳಿತು ಕೇಳುವ ಮಾತು ಅದು. ಯಜಮಾನರು ಮನೆಗೆ ಹೋದವರೇ ದಕ್ಷಿಣದ ಗದ್ದೆ ಯಾರಿಗೆ, ಉತ್ತರದ್ದು ಯಾರಿಗೆ ಎಂದು ಹೇಳಿ, ಪಡಸಾಲೆಯಲ್ಲಿ ಹಾಸಿಗೆ ಹಾಕಿಸಿಕೊಂಡು ಮಲಗಿಬಿಟ್ಟಿದ್ದರು. ನೆಂಟರೆಲ್ಲ ಅವರಿಗೆ ಇಷ್ಟವಾದದ್ದನ್ನು ಕಟ್ಟಿಕೊಂಡು ಬರುತ್ತಿದ್ದರು.

ನಾನು ಅದೇ ಗಾಡಿ ಹತ್ತಿ ಹೋದೆ. ಜ್ವರ ಬಿಟ್ಟಿತ್ತು. ತುಪ್ಪದ ಹೋಳಿಗೆ, ಕರ್ಜಿಕಾಯಿ, ಮಾದಲಿ ಎಲ್ಲ ಒಳಗೆ ಹೋಗಿ ಮುಖಕ್ಕೆ ಕಳೆ ಬಂದಿತ್ತು. ಹೆಂಗಸರನ್ನು ಆಚೆ ಕಳಿಸಿ, "ನಿಮಗೆ ಏನೂ ಆಗಿಲ್ಲ ಯಜಮಾನ್ರೆ, ಎದ್ದು ಗದ್ದೆಗೆ ಹೋಗಿ" ಅಂದೆ.

ಅವರು ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು: "ಅದು ನಿನ್ನೇನ ಗೊತ್ತಾಗೈತ್ರಿ. ಹೊರಗ ಹೇಳಬ್ಯಾಡ್ರಿ. ಸಣ್ಣ ಮಗಳು ಬರೋದು ಬಾಕಿ ಐತಿ, ಅಕಿ ಕಡಬು ಬಾಳ ಚಲೋ ಮಾಡ್ತಾಳ."

ಸಾಹುಕಾರರ ಜಿಲೇಬಿ

ಇಷ್ಟಾದ ಮೇಲೆ ಊರಿನಲ್ಲಿ ನನ್ನ ಪ್ರಶ್ನೆಗೆ ಬೇರೆ ಅರ್ಥ ಹುಟ್ಟಿತು. ಡಾಕ್ಟ್ರಮ್ಮ ಬಾಯಿ ಕೇಳಿದ್ದನ್ನು ಕೊಡಿ ಅನ್ನುತ್ತಾರೆ, ಬಾಯಿ ಕೇಳಿತು ಅಂದರೆ ಮೈಗೆ ಬೇಕು ಅಂತಲೇ ಅರ್ಥವಂತೆ, ಎಂದು ಮಾತು ಹಬ್ಬಿತು. ನಾನು ಹಾಗೆ ಹೇಳಿರಲಿಲ್ಲ. ಆದರೆ ಪಥ್ಯ ಮುರಿಯಲು ನೆಪ ಹುಡುಕುತ್ತಿದ್ದ ಒಂದಿಡೀ ಪೇಟೆಯ ಎದುರು ನನ್ನೊಬ್ಬಳ ಮಾತು ಎಲ್ಲಿ ನಡೆಯಬೇಕು?

ಬೆಲ್ಲ, ಅಡಿಕೆಯ ವ್ಯಾಪಾರದ ಒಬ್ಬ ಸಾಹುಕಾರರು ಹೆಂಡತಿಯ ಜೊತೆ ಬಂದರು. ಸಕ್ಕರೆ ಕಾಯಿಲೆ. ಮೂತ್ರವನ್ನು ನೀಲಿ ದ್ರಾವಣದಲ್ಲಿ ಕಾಯಿಸಿದರೆ ಒಲೆಯಿಂದ ಇಳಿಸುವ ಮೊದಲೇ ಇಟ್ಟಿಗೆ ಬಣ್ಣ, ಅಷ್ಟು ಸಕ್ಕರೆ. ಸಿಹಿ ಮುಟ್ಟಬೇಡಿ ಎಂದು ನಾನು ಹೇಳಿ ಬಹಳ ಕಾಲವಾಗಿತ್ತು.

"ನಿಮ್ಮ ಮಾತಿಗೇ ಬರ್ರಿ ಈಗ," ಅಂದರು ಸಾಹುಕಾರರು, ತಕ್ಕಡಿ ಹಿಡಿದ ಗತ್ತಿನಲ್ಲಿ. "ಮೈಗೆ ಕಡಿಮಿ ಇದ್ದದ್ದನ್ನ ಬಾಯಿ ಕೇಳತೈತಿ. ಹೌದೋ ಅಲ್ಲೋ?"

"ಕೆಲವು ಸಲ ಇರಬಹುದು."

"ನನ್ನ ಬಾಯಿ ಮುಂಜಾನಿ ಎದ್ದ ಕೂಡ್ಲೆ ಜಿಲೇಬಿ ಕೇಳತೈತಿ. ಅಂದಮ್ಯಾಲೆ ಮೈಯಾಗ ಜಿಲೇಬಿ ಕಡಿಮಿ ಆಗೈತಿ. ಕಡಿಮಿ ಆಗಿದ್ದನ್ನ ತುಂಬಬ್ಯಾಡ ಅಂದ್ರ ನೀವು ಎಂಥ ಡಾಕ್ಟರು?"

ನಾನು ಇನ್ಸುಲಿನ್ ವಿಷಯ ಎತ್ತುವಷ್ಟರಲ್ಲಿ, ಅಲ್ಲಿಯ ತನಕ ಸೆರಗು ಸರಿಮಾಡಿಕೊಳ್ಳುತ್ತಾ ಮೂಲೆಯಲ್ಲಿ ಕುಳಿತಿದ್ದ ಅವರ ಹೆಂಡತಿ ಬಾಯಿ ತೆರೆದರು.

"ನಂದೊಂದು ಮಾತೈತ್ರಿ ಡಾಕ್ಟ್ರಮ್ಮಾರೆ. ಮದುವಿ ಆದಾಗಿಂದ ಇವರು ದಿನಾ ಜಿಲೇಬಿ ತಿಂದಾರ. ಅದು ಕಡಿಮಿ ಆಗೈತಿ ಅಂತಾರ. ಹಾಗಲಕಾಯಿ ಹುಟ್ಟಿದಾಗಿಂದ ಒಂದು ಹೋಳು ತಿಂದಿಲ್ಲ. ಅದನ್ನ ಯಾಕ ಕೇಳವಲ್ದು ಇವರ ಮೈ?"

ಮುಗಿಯದ ಬಯಕೆ

ಸೊರಬದಲ್ಲಿ ನಾನು ಕೂರುತ್ತಿದ್ದ ಕೋಣೆಗೂ ಹೋಟೆಲಿಗೂ ನಡುವೆ ಒಂದು ಹಲಗೆಯ ಗೋಡೆ. ಅಲ್ಲಿಯ ಬೋಂಡದ ವಾಸನೆ ಇಲ್ಲಿಗೆ, ಇಲ್ಲಿಯ ಫಿನಾಯಿಲ್ ವಾಸನೆ ಅಲ್ಲಿಗೆ. ಹೋಟೆಲಿನ ಭಟ್ಟರು ತಮಗೇ ನಷ್ಟ ಅನ್ನುತ್ತಿದ್ದರು.

ಒಂದು ಸಂತೆಯ ದಿನ ಭಟ್ಟರು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದು, ರೋಗಿಗಳೆಲ್ಲ ಹೋಗುವ ತನಕ ಕಾದು ಕೇಳಿದರು: "ಡಾಕ್ಟ್ರಮ್ಮ, ಮನುಷ್ಯರು ಹೆಚ್ಚಂದ್ರೆ ಎಷ್ಟು ತಿಂಗಳು ಬಸುರಿರ್ತಾರೆ?"

"ಒಂಬತ್ತು. ದಿನ ಹಿಂದೆ ಮುಂದೆ ಆಗಬಹುದು. ಯಾಕೆ?"

"ಎರಡು ಮಳೆಗಾಲ ಇರಲಿಕ್ಕೆ ಸಾಧ್ಯ ಇಲ್ಲ ಅಲ್ದಾ?"

"ಆನೆಗಾದರೆ ಇರಬಹುದು ಭಟ್ರೆ."

ಸಂಗತಿ ಹೀಗಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ಎಲ್ಲರೂ ನಂಬಿದ ಮಾತು. ಆದ್ದರಿಂದ ಬಸುರಿಗೆಂದು ಯಾರಾದರೂ ಕೇಳಿದರೆ ಅಂಗಡಿಯವರು ಇಲ್ಲ ಅನ್ನುತ್ತಿರಲಿಲ್ಲ. ಎಷ್ಟೇ ಗಿರಾಕಿ ಇರಲಿ, ಮೊದಲ ಬೋಂಡ ಬಸುರಿಯ ಪಾಲಿಗೆ. ಗುಡವಿ ಕಡೆಯ ಒಬ್ಬ ಆಸಾಮಿ ಪ್ರತಿ ಸಂತೆಗೂ ಬಂದು, "ಮನೇಲಿ ಬಯಕೆ, ಭಟ್ರೆ" ಎಂದು ಮುಖ ಸಣ್ಣ ಮಾಡಿ ಬಿಸಿಬಿಸಿ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದ. ಭಟ್ಟರೂ ಪುಣ್ಯದ ಕೆಲಸವೆಂದು ದುಡ್ಡು ಮುಟ್ಟದೆ ಕೊಡುತ್ತಿದ್ದರು.

"ಇವತ್ತೂ ಬಂದಿದಾನೆ. ನೀವೇ ನೋಡಿ ಬನ್ನಿ ಮಾರಾಯ್ರೆ," ಅಂದರು.

ಹೋದೆ. ಆಸಾಮಿ ನನ್ನನ್ನು ಕಂಡವನೇ ಎದ್ದು ನಿಂತ.

"ನಿಮ್ಮ ಹೆಂಡತಿಗೆ ಇನ್ನೂ ಬಯಕೆಯಾ?" ಅಂದೆ.

"ಹೂಂ ಡಾಕ್ಟ್ರಮ್ಮ. ಎಂತ ಮಾಡದು? ಮೈಗೆ ಬೇಕಾಗಿದ್ದನ್ನ ಬಾಯಿ ಕೇಳ್ತದೆ ಅಂತ ನೀವೇ ಹೇಳಿದ್ದಲ್ದಾ? ಬೋಂಡ ಕಂಡ್ರೆ ತಡಿಯದಿಲ್ಲ ಅವ್ಳು. ಹುಟ್ಟೋ ಮಗು ಕಿವಿ ಸೋರಿದ್ರೆ ಹೆಂಗೆ?"

ಅಷ್ಟರಲ್ಲಿ ಬೆಂಚಿನ ಕೆಳಗಿನಿಂದ, ಹಲ್ಲು ಮೂಡಿ ನಡೆಯಲು ಕಲಿತ ಒಂದು ಮಗು ಹೊರಗೆ ಬಂದು ಅವನ ಪಂಚೆ ಹಿಡಿದು ಎಳೆಯಿತು. ಒಂದು ಕೈಯಲ್ಲಿ ಬೋಂಡ ಇತ್ತು.

"ಅಪ್ಪಾ, ಇನ್ನೊಂದು."

ಭಟ್ಟರು ಬಗ್ಗಿ ಆ ಮಗುವಿನ ಎರಡು ಕಿವಿಗಳನ್ನೂ ಎತ್ತಿ ನೋಡಿದರು. "ಒಣಗೇ ಇದೆ," ಅಂದರು. "ಇನ್ನು ದುಡ್ಡು ಕೊಟ್ಟು ತಿನ್ನು."

ಮಾತು ಕೇಳಿದ ಪೇಷೆಂಟು

ಇದೇ ಕೋಣೆಗೆ ಒಬ್ಬ ಕುರಿಗಾರ ಒಂದು ಹೆಣ್ಣು ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಮೇಜಿನ ಮುಂದೆ ಇಳಿಸಿದ. ಹುಲ್ಲು ಬಿಟ್ಟು ಸಿಕ್ಕ ಗೋಡೆಯನ್ನೆಲ್ಲ ನೆಕ್ಕುತ್ತದಂತೆ.

"ನಾನು ಮನುಷ್ಯರ ಡಾಕ್ಟರು ಕಣಪ್ಪ."

"ಗೊತ್ತೈತೆ ಅವ್ವ. ಬಾಯಿ ಏನು ಬೇಡ್ತದೆ ಅಂತ ಕೇಳಿ ಔಷಧಿ ಕೊಡ್ತಾರೆ ಅಂದ್ರು. ಮನುಷ್ಯರಾದ್ರೆ ಸುಳ್ಳು ಹೇಳ್ತಾರೆ. ಇದು ಹೇಳದಿಲ್ಲ, ನೋಡಿ."

ಕುರಿ ಆಗಲೇ ಕೋಣೆಯ ಸುಣ್ಣದ ಗೋಡೆಗೆ ನಾಲಿಗೆ ಹಚ್ಚಿತ್ತು. ಉಪ್ಪು ಸಾಲದಿದ್ದರೆ ಹೀಗೆ ಮಾಡುತ್ತವೆ ಎಂದು ನನಗೂ ಗೊತ್ತಿತ್ತು. ದಿನಾ ಒಂದು ಹರಳು ಉಪ್ಪು ಮುಂದಿಡು, ಬೇಕಾದಷ್ಟು ನೆಕ್ಕಲಿ, ಬೇಡವಾದರೆ ತಾನೇ ಬಿಡುತ್ತದೆ ಎಂದು ಹೇಳಿ ಕಳಿಸಿದೆ. ಕೆಲವು ಸಂತೆ ಕಳೆದು ಕುರಿಗಾರ ಬಂದು, ಗೋಡೆ ನೆಕ್ಕುವುದು ನಿಂತಿತು ಎಂದು ಹೇಳಿ ನಮಸ್ಕಾರ ಮಾಡಿ ಹೋದ.

ಗೋಡೆಯ ಸುಣ್ಣ ಹೋಯಿತೆಂದು ಕೋಣೆಯ ಮಾಲೀಕರೂ ಆದ ಭಟ್ಟರು ಬೇಜಾರು ಮಾಡಿಕೊಂಡಿರಬಹುದು ಅಂದುಕೊಂಡಿದ್ದೆ. ಅವರು ತಲೆಯಾಡಿಸಿದರು.

"ಇರಲಿ ಬಿಡಿ ಡಾಕ್ಟ್ರಮ್ಮ. ನಿಮ್ಮ ಮಾತು ಕೇಳಿದ ಪೇಷೆಂಟು ಇಲ್ಲಿ ತನಕ ಅದೊಂದೇ."

ವಿಭೂತಿ ಖರ್ಚಾದ ಮನೆ

ಈ ಕೊನೆಯದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ, ಮಾತು ಕೊಟ್ಟಿದ್ದೆ. ಮಾತು ತೆಗೆದುಕೊಂಡವಳೇ ಈಗ ಮೊಮ್ಮಕ್ಕಳ ಮುಂದೆ ಇದನ್ನು ಹೇಳಿಕೊಂಡು ನಗುತ್ತಾಳೆ. ಆದ್ದರಿಂದ ಅಡ್ಡಿಯಿಲ್ಲ.

ಶಿಕಾರಿಪುರದಲ್ಲಿ ನನ್ನ ದವಾಖಾನೆಯ ಹಿಂದಿನ ಬೀದಿಯಲ್ಲಿ ಒಂದು ದೊಡ್ಡ ಶಿವಪೂಜೆಯ ಮನೆ. ಮನೆಯ ಯಜಮಾನಿ ಮಾತಿಗೂ ಮಡಿಗೂ ಹೆಸರಾದವರು. ಒಂದು ಸಂಜೆ ಮೊಮ್ಮಗ ಬರುವ ಸುದ್ದಿ ಹೇಳಲು ನನ್ನನ್ನು ಕರೆದು ಕೂರಿಸಿದರು. ಸುದ್ದಿ ಒಂದು ಮಾತಿನಲ್ಲಿ ಮುಗಿಯಿತು, ಸೊಸೆಯ ಭಕ್ತಿಯ ವರ್ಣನೆ ಮುಗಿಯಲಿಲ್ಲ.

"ಏನು ಹೇಳ್ಲಿ ಡಾಕ್ಟ್ರಮ್ಮಾರೆ! ಮೊದಲ ಒಂದು ವಿಭೂತಿ ಗಟ್ಟಿ ತಂದ್ರ ಹಬ್ಬದಿಂದ ಹಬ್ಬಕ್ಕ ಬರ್ತಿತ್ತು. ಈಗ ವಾರಕ್ಕೂ ಬರವಲ್ದು. ಹೊತ್ತು ಹೊತ್ತಿಗೆ ಪೂಜಿ ಕೋಣಿ ಬಾಗ್ಲ ಹಾಕ್ಕೊಂಡು ಕುಂತ್ಲು ಅಂದ್ರ ಹೊರಗ ಬರೂ ಮಾತಿಲ್ಲ. ಮಠದ ಅಯ್ಯನವರು ಸೈತ ಕೇಳಿ ಸಂತೋಷ ಪಟ್ರು. ಬೀದಿ ಹೆಣ್ಮಕ್ಕಳೆಲ್ಲ ಬಂದು ನೋಡಿಕೊಂಡು ಹೋಗ್ತಾರ. ಇನ್ನ ತಾಪತ್ರಯ ಬ್ಯಾಡ ಅಂತ ಒಂದು ಬುಟ್ಟಿ ತರಿಸಿ ಇಟ್ಟೀನಿ."

ಸೊಸೆ ಹಾಲು ತಂದಳು. ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು. ತುಟಿ ಬಿಳಿಚಿಕೊಂಡಿತ್ತು, ಪಾದ ಊದಿತ್ತು. ಹೊಟ್ಟೆ ನೋಡಿದರೆ ಆರು ತಿಂಗಳು ಇರಬಹುದು. ಹಣೆಯ ಮೇಲೆ ಮೂರು ಸಣ್ಣ ಗೆರೆ. ಅದಕ್ಕಿಂತ ಹೆಚ್ಚು ವಿಭೂತಿ ತುಟಿಯ ಅಂಚಿನಲ್ಲಿತ್ತು.

ಬಿಸಿನೀರು ಬೇಕು ಎಂದು ಅತ್ತೆಯನ್ನು ಒಳಗೆ ಕಳಿಸಿ, ಸೊಸೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಿರಬೇಕಾದ ಕಡೆ ಕಾಗದದ ಬಣ್ಣ. ನಾನು ಕೇಳುವ ಪ್ರಶ್ನೆ ಕೇಳಿದೆ.

ಆಕೆ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. "ಅಕ್ಕಾರೆ, ಯಾರಿಗೂ ಹೇಳಬ್ಯಾಡ್ರಿ. ಅದರ ವಾಸನಿ ಬಂದ್ರ ನನಗ ತಡಿಯಾಕ ಆಗಂಗಿಲ್ಲ. ಕಟುಂ ಅಂತ ಕಡಿದು ತಿಂತೀನಿ. ದೇವರಿಗೆ ಇಟ್ಟಿದ್ದು ತಿನ್ನಾಕತ್ತೀನಿ, ಪಾಪ ಬರತೈತಿ ಅಂತ ಗೊತ್ತೈತ್ರಿ."

"ಊಟ ಮಾಡ್ತೀಯಾ?"

"ಆ ಪಾಪ ಹೋಗ್ಲಿ ಅಂತ ಸೋಮವಾರ, ಗುರುವಾರ ಉಪವಾಸ ಅದೀನಿ. ಶನಿವಾರನೂ ಮಾಡ್ಲೇನು ಅಂತ ನೋಡಾಕತ್ತೀನಿ."

ವಿಭೂತಿ ತಿಂದದ್ದಕ್ಕೆ ಉಪವಾಸ, ಉಪವಾಸದಿಂದ ರಕ್ತ ಇನ್ನೂ ಕಡಿಮೆ, ರಕ್ತ ಕಡಿಮೆಯಾದಷ್ಟೂ ವಿಭೂತಿ. ಅತ್ತೆಗೆ ಎರಡೂ ಭಕ್ತಿಯೇ. ಅಲ್ಲಿ ಕುಳಿತು ನಗಲು ನನಗೆ ಆಗಲಿಲ್ಲ, ಭಯವಾಯಿತು. ಹೀಗೇ ಹೋದರೆ ಹೆರಿಗೆಯಲ್ಲಿ ಹೋಗುವ ರಕ್ತವನ್ನು ಈ ಹುಡುಗಿ ತಡೆದುಕೊಳ್ಳುವುದಿಲ್ಲ. ಮೈ ಕೇಳುತ್ತಿದ್ದದ್ದು ಕಬ್ಬಿಣ. ಬೂದಿಯಲ್ಲಿ ಅದಕ್ಕೆ ಸಿಕ್ಕುವುದು ಏನೂ ಇಲ್ಲ. ಮೇಷ್ಟರು ಹೇಳಿದ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ನನಗೆ ಅಂದು ತಿಳಿಯಿತು: ಮೈ ಕೇಳುವುದೇನೋ ನಿಜ, ಆದರೆ ಅಂಗಡಿ ತಪ್ಪಿ ಕೇಳುತ್ತದೆ.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಿಸಿನೀರಿನೊಂದಿಗೆ ಬಂದ ಅತ್ತೆಗೆ, "ಇವಳಿಗೆ ರಕ್ತ ತೀರಾ ಕಡಿಮೆ ಆಗಿದೆ. ಔಷಧಿ ಕುಡಿಸಬೇಕು, ಉಪವಾಸ ನಿಲ್ಲಿಸಬೇಕು. ಇಲ್ಲದಿದ್ದರೆ ಹೆರಿಗೆಯಲ್ಲಿ ತಾಯಿ ಉಳಿಯುವುದು ಕಷ್ಟ" ಎಂದೆ.

ಜೀವದ ಭಯ ಅವರಿಗೂ ಆಗಿತ್ತು. ಆದರೆ ಬೀದಿಯೇ ಬಂದು ನೋಡಿ ಹೋಗುವ ಉಪವಾಸವನ್ನು ಬಿಡಿಸುವುದು ಹೇಗೆ?

"ಪೂಜೆಗೆ ಅಷ್ಟು ಹೊತ್ತು ಕೂರಲಿಕ್ಕೆ ಮೈಯಲ್ಲಿ ಶಕ್ತಿ ಬೇಡವೇನ್ರೀ?" ಅಂದೆ.

ಆ ಮಾತು ಹಿಡಿಸಿತು. ಸೊಸೆಯ ಪೂಜೆಗಾಗಿ ಸೊಸೆಯನ್ನು ಉಳಿಸಲು ಅತ್ತೆ ಟೊಂಕ ಕಟ್ಟಿ ನಿಂತರು. ನಾನು ಕಬ್ಬಿಣದ ಕರಿ ಮಿಕ್ಸ್ಚರ್ ಕಲಸಿ ಸೀಸೆಗಟ್ಟಲೆ ಕೊಟ್ಟೆ, ಅವರು ಊಟವಾದ ಕೂಡಲೇ ಎದುರಿಗೆ ನಿಂತು ಕುಡಿಸಿದರು. ನುಗ್ಗೆಸೊಪ್ಪು, ರಾಗಿ, ಹುರುಳಿ, ಹೇಳಿದ್ದನ್ನೆಲ್ಲ ಬೇಯಿಸಿ ಹಾಕಿದರು. ಸೊಸೆ ಸಾಕು ಅಂದರೆ, "ಶಿವನ ಸಲುವಾಗಿ ಇನ್ನೊಂದು ತುತ್ತು" ಎನ್ನುತ್ತಿದ್ದರಂತೆ. ನಾನು ಕಂಡ ಅತ್ತೆಯರಲ್ಲಿ ಅಷ್ಟು ಶಿಸ್ತಿನ ನರ್ಸು ಇನ್ನೊಬ್ಬರಿಲ್ಲ.

ಹೆರಿಗೆ ಸುಲಭದ್ದಾಗಿರಲಿಲ್ಲ. ರಕ್ತ ಬಹಳ ಹೋಯಿತು. ಆದರೆ ಆ ಹೊತ್ತಿಗೆ ಅವಳಲ್ಲಿ ಹೋಗಲಿಕ್ಕೆ ಒಂದಿಷ್ಟು ಇತ್ತು, ಉಳಿಯಲಿಕ್ಕೂ ಇತ್ತು. ಹೆಣ್ಣು ಮಗು. ಬೀದಿಗೆಲ್ಲ ಕೇಳುವ ಹಾಗೆ ಅತ್ತಿತು. ಬಹಳ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ, ಹಿತ್ತಲಿಗೆ ಹೋಗಿ ನಾನೂ ಒಂದಿಷ್ಟು ಅತ್ತುಬಿಟ್ಟೆ.

ಬಾಣಂತನ ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ದವಾಖಾನೆಗೆ ಬಂದರು. ಹಿಂದೆ ಮುಂದೆ ನೋಡಿ ಬಾಗಿಲು ಮುಚ್ಚಿ ಕುಳಿತರು. ಮುಖ ಬಾಡಿತ್ತು.

"ನಿಮ್ಮ ಔಷಧಿ ಜೀವ ಉಳಿಸ್ತು. ಇಲ್ಲ ಅನ್ನಂಗಿಲ್ಲ. ನಿಮ್ಮ ಹೆಸರು ಹೇಳಿ ದೀಪ ಹಚ್ತೀನಿ. ಆದ್ರ ಡಾಕ್ಟ್ರಮ್ಮಾರೆ..."

"ಏನಾಯ್ತು? ಮಗು ಚೆನ್ನಾಗಿದೆ ತಾನೆ?"

"ಮಗು ಗುಂಡಕಲ್ಲ ಆಗೈತಿ. ತಾಯೀನೂ ಗಟ್ಟಿ ಅದಾಳ." ದನಿ ಇನ್ನೂ ತಗ್ಗಿತು. "ಭಕ್ತಿ ಹೋತು ನೋಡ್ರಿ."

"ಅಂದ್ರೆ?"

"ಬುಟ್ಟಿ ವಿಭೂತಿ ತಂದದ್ದು ತಂದಂಗ ಐತಿ. ಒಂದು ಗಟ್ಟಿ ಸವೆದಿಲ್ಲ. ಮುಂಜಾನಿ ಮೂರು ಬೆರಳಿಗೆ ಹಚ್ಚಿಕೊಂಡು ಎದ್ದು ಬರ್ತಾಳ. ಬಾಗ್ಲ ಹಾಕೂದು ಇಲ್ಲ, ಕುಂದ್ರೂದು ಇಲ್ಲ. ಸೋಮವಾರ ಎರಡು ರೊಟ್ಟಿ ಜಾಸ್ತಿ ತಿಂತಾಳ! ಅಯ್ಯನವರು ಕೇಳಿದ್ರ ಏನು ಹೇಳ್ಲಿ?"

ನನ್ನ ಪ್ರಶ್ನೆ, ನನ್ನ ಮೇಷ್ಟರ ಮಾತು, ನನ್ನ ಔಷಧಿ ಮೂರೂ ಸೇರಿ ನೆಟ್ಟಗೆ ಕೆಲಸ ಮಾಡಿದ್ದು ಅದೊಂದು ಮನೆಯಲ್ಲಿ. ಅದನ್ನು ಹೇಳಿಕೊಳ್ಳುವ ಹಾಗಿರಲಿಲ್ಲ. ಮಗುವಿನ ಕೆಲಸ ಇರುತ್ತಲ್ಲ, ಪುರುಸೊತ್ತು ಆಗುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ.

"ಅಲ್ರೀ. ಆ ಕರಿ ಔಷಧಿ ಹೊಟ್ಟಿಗೆ ಬಿದ್ದ ಮ್ಯಾಲೇ ದಿನದಿನಕ್ಕ ಇಳಕೋತ ಬಂತು. ನಾನು ಕಣ್ಣಾರೆ ನೋಡೀನಿ. ರಕ್ತ ಏರಿದಂಗ ಭಕ್ತಿ ಇಳೀತು."

"ಹಾಗೇನಿಲ್ಲ ಬಿಡಿ," ಅಂದೆ.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಿಜವಾಗಿ ಬಂದ ಕಾರಣ ಹೇಳಿದರು:

"ಸೊಸಿ ಬಿಟ್ಟಿದ್ದ ಔಷಧಿ ಚೆಲ್ಲಬಾರದು ಅಂತ ಒಂದು ಸೀಸೆ ನಾನ ಕುಡದುಬಿಟ್ಟೀನ್ರಿ. ನಂದೂ ಹೋಗತೈತೇನು?"